ಕುರುಬನ ಕೋಲು ಮತ್ತು ಬಳ್ಳಾರಿಯ ಬೈಬಲ್

ಏಳನೇ ಕ್ಲಾಸಿನಲ್ಲಿದ್ದಾಗಿನ ಮಾತು. ಹೊಸಹಳ್ಳಿಯಿಂದ ಕೊಟ್ಟೂರು ತೇರಿಗೆ ಹೋಗಿದ್ವಿ. ಮಂಡಕ್ಕಿ-ಮಿರ್ಚಿ ಅಂಗಡಿ ಪಕ್ಕ ಒಬ್ಬರು ನಿಂತು ಅಂಗೈ ಅಗಲದ ಪುಸ್ತಕ ಹಂಚುತ್ತಿದ್ದರು. ಲೂಕನ ಸುವಾರ್ತೆ. ಪುಕ್ಕಟೆ ಸಿಗೋ ಪುಸ್ತಕ ಬಿಡೋ ವಯಸ್ಸಲ್ಲ ಅದು, ತಗೊಂಡೆ. ಮನೆಗೆ ಬಂದು ಓದ್ತಾ ಕೂತರೆ ನಾಲ್ಕನೇ ಪುಟಕ್ಕೇ ಒಂದು ಪದ ತಡೆದು ನಿಲ್ಲಿಸಿತು: ದೀಕ್ಷಾಸ್ನಾನ. ದೀಕ್ಷೆ ಅಂದ್ರೆ ನಮ್ಮ ಮನೇಲಿ ಅಯ್ಯನೋರು ಬಂದು ಕೊಡೋದು. ಇವರಿಗೂ ದೀಕ್ಷೆ ಇದೆಯಾ ಅಂತ ದೊಡ್ಡಪ್ಪನ ಕೇಳಿದೆ. ಕೇಳಿದ್ದೇ ತಪ್ಪಾಯ್ತು. ದೊಡ್ಡಪ್ಪ ಪುಸ್ತಕ ಕಿತ್ತುಕೊಂಡು, "ಇಂಥಾವು ಮನಿಯಾಗ ಇಡಬಾರದು, ಹುಡುಗರ ತಲಿ ಕೆಡ್ತೈತಿ" ಅಂದರು. ಕಟ್ಟೆ ಮೇಲೆ ಕೂತಿದ್ದ ಅಜ್ಜ ಮಾತ್ರ, "ಓದ್ಲಿ ಬಿಡಪ. ಓದಿದ್ರೆ ಕೆಡೋದು ಏನೈತಿ? ಕೆಡೋನಾದ್ರೆ ಓದದಿದ್ರೂ ಕೆಡ್ತಾನ" ಅಂದುಬಿಟ್ಟರು.

ಆ ಪುಸ್ತಕದ ಕನ್ನಡ ಎಲ್ಲಿಂದ ಬಂತು ಅಂತ ಬಹಳ ವರ್ಷಗಳ ಮೇಲೆ ಹುಡುಕಿಕೊಂಡು ಹೋದೆ. ದಾರಿ ನೇರ ಬಳ್ಳಾರಿಗೇ ಹೋಯಿತು (2021ರಲ್ಲಿ ವಿಜಯನಗರ ಜಿಲ್ಲೆ ಆಗೋವರೆಗೂ ನಮ್ಮ ಜಿಲ್ಲಾ ಕೇಂದ್ರ ಅದೇ ತಾನೇ). ಅಲ್ಲಿಂದ ಮುಂದೆ ಇಂಗ್ಲೆಂಡಿಗೆ, ಹದಿನೇಳನೇ ಶತಮಾನಕ್ಕೆ, ಪ್ಯೂರಿಟನ್ನರ ಹತ್ತಿರಕ್ಕೆ. ಅಲ್ಲಿ ನೋಡಿದರೆ ನಮ್ಮ ದೊಡ್ಡಪ್ಪ ಮತ್ತು ಅಜ್ಜನ ನಡುವಿನ ಜಗಳವೇ ನಡೀತಿತ್ತು! ಸ್ವಲ್ಪ ಉದ್ದದ ಕಥೆ, ಟೀ ಇಟ್ಕೊಂಡು ಕೂರಿ.

ಪ್ಯೂರಿಟನ್ ಅನ್ನೋದು ಮೊದಲಿಗೆ ಬೈಗುಳ. ಎಲಿಜಬೆತ್ ರಾಣಿಯ ಕಾಲದಲ್ಲಿ, ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾದರೂ ಹಳೇ ಪದ್ಧತಿಗಳು ಹಾಗೇ ಉಳಿದಿವೆ, ಇನ್ನಷ್ಟು ಶುದ್ಧಿ ಮಾಡಬೇಕು ಅಂತ ಹಟ ಹಿಡಿದವರನ್ನು ಜನ ಹಾಗೆ ಆಡಿಕೊಂಡರು. ಮಡಿವಂತರು ಅಂತ ನಾವು ಅಣಕಿಸೋದಿಲ್ಲವಾ, ಹಾಗೆ. ಅವರಿಗೆ ಅತಿ ದೊಡ್ಡ ಚಿಂತೆ ಸುಳ್ಳು ಬೋಧನೆಯದು. ತಪ್ಪು ಬೋಧನೆ ಆತ್ಮವನ್ನೇ ಕೊಲ್ಲುತ್ತದೆ, ಆದ್ದರಿಂದ ಅದು ಹೊಟ್ಟೆಗೆ ಹಾಕೋ ವಿಷಕ್ಕಿಂತ ಕೆಟ್ಟದ್ದು ಅಂತ ಅವರು ನಿಜವಾಗಿಯೂ ನಂಬಿದ್ದರು. ಈಗಿನವರಿಗೆ ಇದು ಅತಿ ಅನ್ನಿಸಬಹುದು. ಆದರೆ ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿ ಎರಡು ಪ್ರಸಂಗಗಳಿವೆ. ಇಪ್ಪತ್ತನೇ ಅಧ್ಯಾಯದಲ್ಲಿ ಪೌಲನು ಎಫೆಸದ ಸಭೆಯ ಹಿರಿಯರನ್ನು ಬೀಳ್ಕೊಡುವಾಗ, ನಾನು ಹೋದ ಮೇಲೆ ಮಂದೆಯೊಳಗೆ ತೋಳಗಳು ನುಗ್ಗುತ್ತವೆ, ನಿಮ್ಮೊಳಗಿಂದಲೇ ಏಳುತ್ತಾರೆ, ಎಚ್ಚರ ಅಂತ ಹೇಳಿ ಹೋಗುತ್ತಾನೆ. ಹದಿನೇಳನೇ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನ ಜನ ಬರುತ್ತಾರೆ. ಅವರು ಪೌಲನ ಮಾತನ್ನೇ ಹಾಗೇ ಒಪ್ಪಲಿಲ್ಲ, ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡಿದರು, ಅದಕ್ಕೇ ಅವರನ್ನು ಹೊಗಳಲಾಗಿದೆ. ಮೊದಲನೆಯದರಲ್ಲಿ ಕುರುಬನ ಕೈಯಲ್ಲಿ ಕೋಲಿದೆ. ಎರಡನೆಯದರಲ್ಲಿ ಕುರಿಯೇ ಕಣ್ಣು ಬಿಟ್ಟು ನೋಡಬೇಕು. ನಮ್ಮ ಕೂಡ್ಲಿಗಿ ಕಡೆ ಕುರಿಹಟ್ಟಿ ಕಂಡವರಿಗೆ ತೋಳದ ಭಯ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಆದರೆ ಕುರುಬನನ್ನೇ ಪರೀಕ್ಷೆ ಮಾಡೋ ಕುರಿಯನ್ನು ಯಾರು ಕಂಡಿದ್ದಾರೆ? ಪ್ಯೂರಿಟನ್ನರು ಎರಡೂ ಬೇಕು ಅಂದರು. ಅವರ ದೊಡ್ಡತನವೂ ಗೋಳೂ ಎರಡೂ ಅದರಲ್ಲೇ ಇದೆ ಅನ್ನೋದು ನನ್ನ ಲೆಕ್ಕ.

ಗೋಳು ಬೇಗ ಬಂತು. 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿ, ಅಚ್ಚಿನ ಮೇಲಿದ್ದ ಹಿಡಿತ ಸಡಿಲವಾಯಿತು. ಯಾರು ಬೇಕಾದರೂ ಬೋಧಿಸಬಹುದು, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನೂರೆಂಟು ಪಂಥ ಹುಟ್ಟಿದವು. 1646ರಲ್ಲಿ ಥಾಮಸ್ ಎಡ್ವರ್ಡ್ಸ್ ಎಂಬ ಪ್ರೆಸ್ಬಿಟೀರಿಯನ್ ಪ್ಯೂರಿಟನ್ 'ಗ್ಯಾಂಗ್ರೀನಾ' ಅಂತ ಒಂದು ಪುಸ್ತಕ ತೆಗೆದ. ಕಾಲು ಕೊಳೆಯೋ ರೋಗದ ಹೆಸರು ಅದು, ಪುಸ್ತಕಕ್ಕೆ ಇಡೋ ಹೆಸರೇ! ದೇಶದಲ್ಲಿ ಹಬ್ಬಿರುವ ತಪ್ಪು ಬೋಧನೆಗಳನ್ನೆಲ್ಲ ನಂಬರು ಹಾಕಿ ಪಟ್ಟಿ ಮಾಡಿದ್ದ. ಕವಿ ಮಿಲ್ಟನ್ನನ ವಿಚಾರವೂ ಅದರಲ್ಲಿದೆ. ಅದಕ್ಕಿಂತ ಮಜಾ ಅಂದರೆ, ಪ್ರತಿ ಸಭೆಯೂ ಸ್ವತಂತ್ರವಾಗಿರಬೇಕು ಎನ್ನುತ್ತಿದ್ದ ಇಂಡಿಪೆಂಡೆಂಟರನ್ನೂ ಅವನು ಬಿಡಲಿಲ್ಲ. ಅವರೂ ಪ್ಯೂರಿಟನ್ನರೇ, ಆದರೆ ಎಡ್ವರ್ಡ್ಸನ ಕಣ್ಣಿಗೆ ತೋಳಗಳಿಗೆ ಬಾಗಿಲು ತೆರೆದವರು. ಈ ಇಂಡಿಪೆಂಡೆಂಟರನ್ನು ನೆನಪಿಟ್ಟುಕೊಳ್ಳಿ, ಬಳ್ಳಾರಿಗೆ ಬರೋದು ಇವರ ಮೊಮ್ಮಕ್ಕಳೇ.

ಕೋಲು ಕೈಗೆ ಪೂರ್ತಿ ಸಿಕ್ಕ ಕಡೆ ಏನಾಯ್ತು ಅನ್ನೋದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಇದೆ. ಆನ್ ಹಚಿನ್ಸನ್ ಎಂಬಾಕೆ ಮನೆಯಲ್ಲಿ ಜನರನ್ನು ಕೂರಿಸಿಕೊಂಡು ಬೋಧಕರ ಪ್ರಸಂಗಗಳನ್ನೇ ಪರೀಕ್ಷೆಗೆ ಹಚ್ಚಿದಳು, ಬೆರೋಯದವರ ಹಾಗೇ. 1637ರಲ್ಲಿ ವಿಚಾರಣೆ ಮಾಡಿ ಗಡೀಪಾರು ಮಾಡಿದರು. ಅವಳ ಗೆಳತಿ ಮೇರಿ ಡಯರ್ ಮುಂದೆ ಕ್ವೇಕರ್ ಆದಳು, 1660ರಲ್ಲಿ ಬಾಸ್ಟನ್ನಿನಲ್ಲಿ ನೇಣಿಗೆ ಹಾಕಿದರು. ಇದನ್ನು ಬಿಟ್ಟು ಪ್ಯೂರಿಟನ್ನರ ಕಥೆ ಹೇಳಿದರೆ ಅದು ಅರ್ಧ ಕಥೆ.

ಇಂಗ್ಲೆಂಡಿನಲ್ಲಿ ಉಲ್ಟಾ. ಅಲ್ಲಿ ರಾಜ ವಾಪಸು ಬಂದ, ಕೋಲು ಬಿಷಪ್ಪರ ಕೈಗೆ ಹೋಯಿತು. 1662ರ ಆಗಸ್ಟ್ 24ರ ಒಳಗೆ ಪ್ರಾರ್ಥನಾ ಪುಸ್ತಕವನ್ನು ಒಪ್ಪಬೇಕು, ಬಿಷಪ್ಪರಿಂದ ದೀಕ್ಷೆ ಆಗಿರಬೇಕು, ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು ಎಂದು ಕಾಯಿದೆ ಬಂತು. ಸುಮಾರು 2000 ಬೋಧಕರು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬ ಡಾರ್ಟ್‌ಮತ್ ಎಂಬ ಬಂದರೂರಿನ ಜಾನ್ ಫ್ಲೇವಲ್. ಊರಿಂದ ಐದು ಮೈಲಿ ದೂರ ಇರಬೇಕು ಅಂತ 1665ರಲ್ಲಿ ಇನ್ನೊಂದು ಕಾಯಿದೆ ಬಂದಾಗ ಹತ್ತಿರದ ಸ್ಲ್ಯಾಪ್ಟನ್ನಿಗೆ ಹೋದ. ಸಮುದ್ರದ ಇಳಿತದಲ್ಲಿ ಮೇಲೆ ಕಾಣೋ ಬಂಡೆಯ ಮೇಲೆ ಜನರನ್ನು ಸೇರಿಸಿ, ನೀರು ಏರೋವರೆಗೂ ಬೋಧಿಸುತ್ತಿದ್ದ ಅನ್ನೋ ಕಥೆ ಆ ಕಡೆ ಇದೆ.

ಈ ಫ್ಲೇವಲ್ 1691ರಲ್ಲಿ, ತಾನು ತೀರಿಕೊಂಡ ವರ್ಷವೇ, ಬುದ್ಧಿಗೆ ಹಿಡಿಯೋ ತಪ್ಪುಗಳ ಕಾರಣ ಮತ್ತು ಮದ್ದಿನ ಬಗ್ಗೆ ಒಂದು ಗ್ರಂಥ ತಂದ. ಎಡ್ವರ್ಡ್ಸನ ಪುಸ್ತಕಕ್ಕೂ ಇದಕ್ಕೂ ಅಜಗಜಾಂತರ. ಎಡ್ವರ್ಡ್ಸ್ ಕಳ್ಳರ ಹೆಸರು ಬರೆಯೋ ಪೊಲೀಸು, ಫ್ಲೇವಲ್ ನಾಡಿ ಹಿಡಿಯೋ ವೈದ್ಯ. ಮನುಷ್ಯ ಸುಳ್ಳು ಬೋಧನೆಗೆ ಯಾಕೆ ಬೀಳುತ್ತಾನೆ ಅಂತ ಕೇಳಿಕೊಳ್ಳುತ್ತಾನೆ. ಶಾಸ್ತ್ರದ ಒಂದು ತುಣುಕು ಹಿಡಿದು ಉಳಿದದ್ದು ನೋಡದಿರುವುದು, ಪೂರ್ತಿ ಓದಲು ಸೋಮಾರಿತನ, ಹೊಸದು ಅಂದರೆ ಬಾಯಿ ಬಿಡೋ ಚಪಲ, ದೊಡ್ಡವರು ಹೇಳಿದರು ಅಂತ ಕಣ್ಣು ಮುಚ್ಚಿ ನಂಬೋದು, ತನ್ನ ಬುದ್ಧಿಯ ಸೊಕ್ಕು, ತಿಳಿವಿಲ್ಲದ ಉತ್ಸಾಹ. ವಾಟ್ಸಾಪಿನ ಫಾರ್ವರ್ಡುಗಳ ಕಾಲದಲ್ಲಿ ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ :-) ಗಮನಿಸಿ, ಈ ಪಟ್ಟಿಯಲ್ಲಿ ಜಾಸ್ತಿ ಇರೋದು ತೋಳದ ದೋಷವಲ್ಲ, ಕುರಿಯ ದೋಷ. ಹಾಗಾಗಿ ಮದ್ದೂ ಓದುವವನ ಕೈಯಲ್ಲೇ ಇದೆ: ಸರಿಯಾಗಿ ಓದು, ಪೂರ್ತಿ ಓದು.

ಹಾಗೆ ಓದಬೇಕಾದರೆ ಅವನ ಭಾಷೆಯಲ್ಲಿ ಪುಸ್ತಕ ಇರಬೇಕಲ್ಲ? 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂತು ಪ್ಯೂರಿಟನ್ ಪಂಡಿತರು ರಚಿಸಿದ ನಂಬಿಕೆಯ ಪ್ರಕಟಣೆ, ಮೊದಲ ಅಧ್ಯಾಯದಲ್ಲೇ, ಶಾಸ್ತ್ರವನ್ನು ಪ್ರತಿ ಜನಾಂಗದ ಆಡುಮಾತಿಗೆ ತರಬೇಕು ಎನ್ನುತ್ತದೆ. ಆ ಸಾಲನ್ನು ಬರೆದವರಿಗೆ ಕನ್ನಡ ಅಂತ ಒಂದು ಭಾಷೆ ಇದೆ ಅನ್ನೋದೂ ಗೊತ್ತಿರಲಿಕ್ಕಿಲ್ಲ.

1795ರಲ್ಲಿ ಲಂಡನ್ ಮಿಷನರಿ ಸೊಸೈಟಿ ಹುಟ್ಟಿತು. ಅದರ ಬೆನ್ನೆಲುಬು ಆ ಇಂಡಿಪೆಂಡೆಂಟರ ವಂಶದವರು. ಮರುವರ್ಷವೇ ಅವರು ಒಂದು ಮೂಲತತ್ವ ಗೊತ್ತು ಮಾಡಿದರು: ನಾವು ಬಿಷಪ್ಪರ ಪದ್ಧತಿಯನ್ನಾಗಲಿ, ಪ್ರೆಸ್ಬಿಟೀರಿಯನ್ ಪದ್ಧತಿಯನ್ನಾಗಲಿ, ನಮ್ಮದೇ ಇಂಡಿಪೆಂಡೆಂಟ್ ಪದ್ಧತಿಯನ್ನಾಗಲಿ ಹೊರಗೆ ಕಳಿಸುವುದಿಲ್ಲ, ಸುವಾರ್ತೆಯನ್ನು ಮಾತ್ರ. ಸಭೆಯ ರೂಪ ಹೇಗಿರಬೇಕು ಅನ್ನೋದು ಅಲ್ಲಿಯ ಸಭೆಗೇ ಬಿಟ್ಟದ್ದು. ಅಜ್ಜಂದಿರು ಜೈಲಿಗೆ ಹೋದದ್ದೇ ಆ ರೂಪದ ಜಗಳಕ್ಕೆ. ಮೊಮ್ಮಕ್ಕಳು ಅದನ್ನು ಕೆಳಗಿಟ್ಟು ಹಡಗು ಹತ್ತಿದರು.

ಬಳ್ಳಾರಿ ಆಗಿನ್ನೂ ಕಂಪನಿಗೆ ಹೊಸದು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆ ಇದು, ಮನ್ರೋ ಸಾಹೇಬ ಕಂದಾಯ ಗೊತ್ತು ಮಾಡಿ ಹೋಗಿದ್ದ. 1810ರಲ್ಲಿ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದರು. ಇಂಗ್ಲಿಷಿನಲ್ಲಿ ಕನ್ನಡ ಕಲಿಯಲು ಸರಿಯಾದ ನಿಘಂಟು ಕೂಡ ಇಲ್ಲದ ಕಾಲ. 1816ರಲ್ಲಿ ವಿಲಿಯಂ ರೀವ್ ಜೊತೆಯಾದರು. ಈ ರೀವ್ ಅವರೇ ಮುಂದೆ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದವರು. ಕಿಟ್ಟೆಲ್ ನಿಘಂಟು ಬಂದದ್ದು 1894ಕ್ಕೆ, ಅದಕ್ಕೆ ಅರವತ್ತು ವರ್ಷ ಮುಂಚೆ ಬಳ್ಳಾರಿ ಬಿಸಿಲಲ್ಲಿ ಕೂತು ಪದ ಕೂಡಿಸಿದ ಇವರನ್ನು ನಾವು ಮರೆತೇಬಿಟ್ಟಿದ್ದೇವೆ. 1820ರ ಸುಮಾರಿಗೆ ಹೊಸ ಒಡಂಬಡಿಕೆ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಇಪ್ಪತ್ತು ವರ್ಷದ ದುಡಿತ.

ಹಂಪಿ ಜಾತ್ರೆಗೆ ಹೋಗಿ ಬೋಧಿಸೋದು ಅವರ ವಾಡಿಕೆಯಾಗಿತ್ತು. ಹಂಪಿ! ಅದಕ್ಕೆ ಮುನ್ನೂರು ವರ್ಷ ಹಿಂದೆ ಅಲ್ಲೇ ವ್ಯಾಸತೀರ್ಥರು ಅದ್ವೈತವನ್ನು ಒಂದೊಂದೇ ಎಳೆ ಬಿಡಿಸಿ ಖಂಡಿಸಿದ್ದರು. ಅದಕ್ಕೂ ಹಿಂದೆ, ಪ್ರೌಢದೇವರಾಯನ ಕಾಲದಲ್ಲಿ, ಶರಣರ ವಚನಗಳನ್ನು ಕೂಡಿಸಿ ಕಾಪಾಡೋ ದೊಡ್ಡ ಕೆಲಸ ನಡೆದಿತ್ತು. ಯಾವುದು ನಿಜವಾದ ಬೋಧನೆ, ಯಾವುದು ಅಲ್ಲ ಅನ್ನೋ ವಾದ ಈ ನೆಲಕ್ಕೆ ಹೊಸದೇನಲ್ಲ. ಹೊಸದು ಅಂದರೆ ಪುಸ್ತಕವನ್ನು ಅಚ್ಚು ಹಾಕಿ, ಜಾತ್ರೆಯಲ್ಲಿ ಸಿಕ್ಕವರ ಕೈಗೆಲ್ಲ ಕೊಡೋದು.

ಇಲ್ಲೇ ಒಬ್ಬರು ಅಡ್ಡ ಬಂದರು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. 1792ರಿಂದ ಈ ಕಡೆ ಇದ್ದವರು, ಮೈಸೂರು ಸೀಮೆ ಚೆನ್ನಾಗಿ ಬಲ್ಲವರು. ಹಿಂದೂ ಆಚಾರಗಳ ಬಗ್ಗೆ ಅವರ ಪುಸ್ತಕ ನಿಮ್ಮಲ್ಲಿ ಬಹಳ ಜನ ಓದಿರುತ್ತೀರಿ. 1823ರಲ್ಲಿ ಯೂರೋಪಿಗೆ ವಾಪಸಾಗಿ ಭಾರತದ ಕ್ರೈಸ್ತಮತದ ಸ್ಥಿತಿಯ ಬಗ್ಗೆ ಪತ್ರಗಳನ್ನು ಪ್ರಕಟಿಸಿದರು. ಅದರಲ್ಲಿ ಮಿಷನರಿಗಳ ಬೈಬಲ್ ಅನುವಾದಗಳನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಕನ್ನಡದ್ದನ್ನೂ ಬಿಡಲಿಲ್ಲ, ಅದರ ಭಾಷೆ ಒರಟು, ಓದುವವರು ನಗುತ್ತಾರೆ ಅಂದರು. ಭಾಷೆಯ ಮಾತು ಹಾಗಿರಲಿ, ಪುಸ್ತಕ ಹಂಚೋದೇ ತಪ್ಪು ಅನ್ನೋದು ಅವರ ವಾದ. ತಪ್ಪಿಹೋದ ಮಗ ಮನೆಗೆ ಬಂದಾಗ ತಂದೆ ಕೊಬ್ಬಿದ ಕರುವನ್ನು ಕಡಿಸೋ ಕಥೆಯನ್ನು ಹಿಂದೂಗಳ ಕೈಗೆ ಹಾಗೇ ಕೊಟ್ಟರೆ ಏನಾಗುತ್ತೆ, ಯೋಚನೆ ಮಾಡಿ ಎಂದರು. ಮೊದಲು ಬೋಧಿಸಿ, ಮನಸ್ಸು ಹದ ಮಾಡಿ, ಆಮೇಲೆ ಎಷ್ಟು ಬೇಕೋ ಅಷ್ಟು ಕೊಡಬೇಕು. ಶಾಸ್ತ್ರ ಸಭೆಯ ಸುಪರ್ದಿನಲ್ಲಿ ಇರಬೇಕು, ಬೀದಿಯಲ್ಲಲ್ಲ. ಒಂದೇ ಮಾತಿನಲ್ಲಿ, ನಮ್ಮ ದೊಡ್ಡಪ್ಪನ ವಾದ.

ಮರುವರ್ಷವೇ ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿ ಉದ್ದನೆಯ ಉತ್ತರ ಬರೆದರು. ನಾನು ದ್ಯುಬುವಾ ಪಕ್ಷದವನಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು, ನಮ್ಮ ಜನರನ್ನು ಅವರು ಹತ್ತಿರದಿಂದ ಕಂಡಿದ್ದರು, ಕರುವಿನ ಮಾತು ಸುಳ್ಳಲ್ಲ.

ಅವರಿಗೆ ಕಾಣದ ಅಪಾಯ ಇನ್ನೊಂದಿತ್ತು, ಅದು ಕಲ್ಕತ್ತೆಯಲ್ಲಿ ಆಗಲೇ ನಡೆದುಹೋಗಿತ್ತು. ವಿಲಿಯಂ ಆಡಮ್ ಮತ್ತು ಯೇಟ್ಸ್ ಎಂಬ ಇಬ್ಬರು ಬ್ಯಾಪ್ಟಿಸ್ಟ್ ಮಿಷನರಿಗಳು ರಾಮಮೋಹನ ರಾಯರ ಜೊತೆ ಕೂತು ಸುವಾರ್ತೆಗಳ ಬಂಗಾಳಿ ಅನುವಾದ ಮಾಡ್ತಾ ಇದ್ದರು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ ಮೂರನೇ ವಾಕ್ಯಕ್ಕೆ ಬಂದು ಗಾಡಿ ನಿಂತಿತು. ಸಮಸ್ತವೂ ಕ್ರಿಸ್ತನಿಂದ ಉಂಟಾಯಿತೋ, ಕ್ರಿಸ್ತನ ಮೂಲಕ ಉಂಟಾಯಿತೋ? ಏನು ಮಹಾ ವ್ಯತ್ಯಾಸ ಅಂತೀರಾ? ಈ ಗುಡಿ ಗೌಡರಿಂದ ಆಯ್ತು ಅಂದರೆ ದುಡ್ಡು ಗೌಡರದ್ದು. ಗೌಡರ ಮೂಲಕ ಆಯ್ತು ಅಂದರೆ ದುಡ್ಡು ಬೇರೆ ಯಾರದ್ದೋ, ಗೌಡರು ಮುಂದೆ ನಿಂತು ಮಾಡಿಸಿದರು. ಮೊದಲನೆಯದಾದರೆ ಕ್ರಿಸ್ತ ತಾನೇ ಸೃಷ್ಟಿಕರ್ತ. ಎರಡನೆಯದಾದರೆ ಅವನ ಮೇಲೆ ಇನ್ನೊಬ್ಬನಿದ್ದಾನೆ ಅಂತಲೂ ಓದಿಕೊಳ್ಳಬಹುದು. ಯೇಟ್ಸ್ ಕೆಲಸದಿಂದ ಹಿಂದೆ ಸರಿದರು. ಆಡಮ್ ಮೂಲಕ ಎಂಬ ಕಡೆ ನಿಂತರು, ನಿಂತಲ್ಲಿಂದ ಮುಂದಕ್ಕೂ ಹೋದರು. 1821ರಲ್ಲಿ ತ್ರಿತ್ವವನ್ನೇ ಬಿಟ್ಟು ಏಕದೇವವಾದಿಯಾದರು. ಎರಡನೇ ಸಲ ಬಿದ್ದ ಆದಾಮ ಅಂತ ಜನ ಆಡಿಕೊಂಡರು. ಬೋಧಿಸಲು ಬಂದವನ ನಂಬಿಕೆಯೇ ಒಂದು ವಿಭಕ್ತಿ ಪ್ರತ್ಯಯದ ಮೇಲೆ ಮಗುಚಿತ್ತು. ತಮಾಷೆ ಏನೆಂದರೆ ಮೂಲಕ ಅಂತಲೇ ಬರೆದು ತ್ರಿತ್ವದಲ್ಲಿ ಗಟ್ಟಿಯಾಗಿ ನಿಂತವರೂ ಎಷ್ಟೋ ಜನ.

ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮತ್ತು ರೀವ್ ಅದೇ ವರ್ಷಗಳಲ್ಲಿ ಅದೇ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದರು ಅನ್ನೋದನ್ನು ನೆನೆಸಿಕೊಂಡರೆ ಅವರ ಮೇಜಿನ ಮೇಲಿನ ಭಾರ ಅರ್ಥವಾಗುತ್ತೆ. ಕನ್ನಡದ ಪ್ರತಿ ಪದವೂ ಆಗಲೇ ಯಾರದ್ದೋ ಮನೆಯಲ್ಲಿ ಬಾಳಿದ ಪದ. ಆತ್ಮ ಅಂದರೆ ವೇದಾಂತಿ ಮೂಗು ತೂರಿಸುತ್ತಾನೆ. ಮೋಕ್ಷ ಅಂದರೆ ಪುನರ್ಜನ್ಮ ಬೆನ್ನಿಗೇ ಬರುತ್ತೆ. ಸ್ನಾನದ ವಿಷಯಕ್ಕಂತೂ ಮಿಷನರಿಗಳೇ ಹೊಡೆದಾಡಿಕೊಂಡರು. ಮುಳುಗಿಸೋದೇ ಸರಿ ಅಂತ ಸಿರಾಂಪುರದ ಬ್ಯಾಪ್ಟಿಸ್ಟರು, ನೀರು ಚಿಮುಕಿಸಿದರೂ ಆದೀತು ಅಂತ ಬೇರೆಯವರು. ಅನುವಾದದಲ್ಲಿ ಮುಳುಗು ಅಂತ ಬರೆದರೆ ಬೈಬಲ್ ಸೊಸೈಟಿ ದುಡ್ಡು ಕೊಡಲ್ಲ ಅನ್ನೋವರೆಗೂ ಹೋಗಿ, 1840ರಲ್ಲಿ ಬ್ಯಾಪ್ಟಿಸ್ಟರು ಬೇರೆ ಸೊಸೈಟಿಯನ್ನೇ ಕಟ್ಟಿಕೊಂಡರು. (ಸಿರಾಂಪುರದ ಕೇರಿಯವರೂ ಕನ್ನಡ ಹೊಸ ಒಡಂಬಡಿಕೆ ಮಾಡಿದ್ದರು, 1812ರ ಬೆಂಕಿಯಲ್ಲಿ ಹಸ್ತಪ್ರತಿ ಸುಟ್ಟುಹೋಗಿ ಮತ್ತೆ ಮೊದಲಿಂದ ಮಾಡಬೇಕಾಯಿತು. ಕಂಪ್ಯೂಟರ್ ಕೈಕೊಟ್ಟು ಅರ್ಧ ಬರೆದದ್ದು ಹೋದಾಗ ನಾನು ಇವರನ್ನು ನೆನೆಸಿಕೊಳ್ಳುತ್ತೇನೆ.) ಕನ್ನಡ ಬೈಬಲಿನಲ್ಲಿ ಕೊನೆಗೆ ನೆಲೆ ನಿಂತ ದೀಕ್ಷಾಸ್ನಾನ ಎಷ್ಟು ಜಾಣ ಪದ ನೋಡಿ. ನೀರು ಎಷ್ಟು ಅಂತ ಹೇಳೋದಿಲ್ಲ. ಆದರೆ ನಮ್ಮ ಅಯ್ಯನೋರ ದೀಕ್ಷೆಯನ್ನು ಒಳಗೆ ಬಿಟ್ಟುಕೊಂಡಿದೆ. ಇನ್ನು ಚರ್ಚಿಗೆ ಸಭೆ. ಕಟ್ಟಡ ಅಲ್ಲ, ಬಿಷಪ್ಪರ ಪೀಠ ಅಲ್ಲ, ಕೂಡಿದ ಜನ. ಇಂಡಿಪೆಂಡೆಂಟರು ಇಂಗ್ಲೆಂಡಿನಲ್ಲಿ ನೂರೈವತ್ತು ವರ್ಷ ಹೇಳಿದ್ದು ಕನ್ನಡದಲ್ಲಿ ಎರಡೇ ಅಕ್ಷರದಲ್ಲಿ ಮುಗಿಯಿತು.

ಈ ಬಳ್ಳಾರಿ ಮಿಷನ್ನಿನಲ್ಲಿ ನನಗೆ ಅತಿ ಹಿಡಿಸಿದ ವ್ಯಕ್ತಿ ಮಾತ್ರ ಬಿಳಿಯರಲ್ಲ. ತಮಿಳು ಮಾತಾಡುತ್ತಿದ್ದ ಬೋಧಕ, ಮೊದಲು ಬೆಂಗಳೂರಿನಲ್ಲಿ, ಆಮೇಲೆ ಬಳ್ಳಾರಿಯಲ್ಲಿ ಸಭೆ ನಡೆಸಿ 1847ರಲ್ಲಿ ತೀರಿಕೊಂಡವರು. ಹುಟ್ಟಿದ್ದು ಹಿಂದೂ ಕುಟುಂಬದಲ್ಲಿ. ಕ್ರೈಸ್ತರಾದ ಮೇಲಿನ ಹೆಸರು ಏನು ಗೊತ್ತಾ? ಸ್ಯಾಮ್ಯುಯೆಲ್ ಫ್ಲೇವಲ್. ಇಳಿತದ ಬಂಡೆ ಮೇಲೆ ನಿಂತು ಬೋಧಿಸಿದವನ ಅಡ್ಡಹೆಸರೇ, ತುಂಗಭದ್ರೆಯ ಈಚೆ ದಡದ ಒಣ ನೆಲದಲ್ಲಿ. ಬೋಧಕರ ಹೆಸರಿನ ಪಟ್ಟಿ ನೋಡುವಾಗ ಈ ಹೆಸರು ಕಂಡು ಎರಡು ಸಲ ಓದಿದೆ. ಸುಳ್ಳು ಬೋಧನೆಗೆ ಮದ್ದು ಪೂರ್ತಿ ಓದೋದು ಎಂದ ಆ ಫ್ಲೇವಲ್, ಶಾಸ್ತ್ರವನ್ನು ತನ್ನ ಭಾಷೆಯಲ್ಲೇ ಓದಿ ಬೋಧಕನಾದ ಈ ಫ್ಲೇವಲನನ್ನು ಕಂಡಿದ್ದರೆ ಏನು ಮಾತಾಡಿಕೊಳ್ಳುತ್ತಿದ್ದರೋ.

ಕೊನೆಗೆ ಒಂದು ವಿಷಯ ಹೇಳಿ ಮುಗಿಸ್ತೀನಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತದ ಐಕ್ಯ ಸಭೆ, ಅಂದರೆ ಸಿ.ಎಸ್.ಐ., ಶುರುವಾಯಿತು. ಲಂಡನ್ ಮಿಷನ್ನಿನ ಸಭೆಗಳು, ಪ್ರೆಸ್ಬಿಟೀರಿಯನ್ನರು, ಮೆಥಡಿಸ್ಟರು, ಜೊತೆಗೆ ಬಿಷಪ್ಪರ ಆಂಗ್ಲಿಕನ್ ಚರ್ಚು, ಎಲ್ಲ ಒಂದಾದರು. ಬಿಷಪ್ಪರಿಂದ ದೀಕ್ಷೆ ಆಗದ ಬೋಧಕರನ್ನು ಮರುದೀಕ್ಷೆ ಕೇಳದೆ ಹಾಗೇ ಒಪ್ಪಿಕೊಳ್ಳಲಾಯಿತು. 1662ರಲ್ಲಿ ಇದೇ ಒಂದು ಕಾರಣಕ್ಕೆ ಎಷ್ಟೋ ಜನ ಮನೆ ಮಠ ಬಿಟ್ಟಿದ್ದರು. 285 ವರ್ಷದ ವ್ಯಾಜ್ಯ ರಾಜಿಯಾದದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ದಕ್ಷಿಣದಲ್ಲಿ. ಇಂಗ್ಲೆಂಡಿನ ಕೆಲವು ಆಂಗ್ಲಿಕನ್ನರು ಇದನ್ನೂ ತಪ್ಪು ಬೋಧನೆ ಅಂತಲೇ ಕೂಗಾಡಿದರು ಅನ್ನೋದು ಬೇರೆ ಮಾತು.

ನನ್ನ ಲೂಕನ ಪುಸ್ತಕ ಏನಾಯ್ತು ಅಂತೀರಾ? ದೊಡ್ಡಪ್ಪ ಎಸೆದಿರಬೇಕು ಅಂದುಕೊಂಡಿದ್ದೆ. ಅಜ್ಜ ತೀರಿಕೊಂಡ ಮೇಲೆ ಅವರ ತಲೆದಸಿಯ ಗೂಡು ಖಾಲಿ ಮಾಡುವಾಗ, ಹಳೇ ಪಂಚಾಂಗಗಳು, ಕೊಟ್ಟೂರೇಶನ ಒಂದು ಪಟ, ಅದರ ಕೆಳಗೆ ಸಿಕ್ಕಿತು. ಅರ್ಧಕ್ಕೆ ಒಂದು ಬಸ್ ಟಿಕೀಟು ಗುರುತು ಇಟ್ಟಿದ್ದರು.